ಅತ್ತರಿನ ಶೀಶೆಯಲ್ಲಿ ಎರಡು ತುಂಡು ಸ್ಕ್ರೂ

ಮೆಲ್ಕಾರಿನ ನನ್ನ ಹಾರ್ಡ್‌ವೇರ್ ಅಂಗಡಿಯ ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಒಂದು ಅತ್ತರಿನ ಶೀಶೆ ಇದೆ. ಅಳಿಯ ಸೌದಿಯ ದಮ್ಮಾಮಿನಿಂದ ತಂದುಕೊಟ್ಟದ್ದು. ಅತ್ತರು ಮುಗಿದು ಎಷ್ಟೋ ಕಾಲವಾಯಿತು. ಈಗ ಅದರೊಳಗೆ ಎರಡು ತುಂಡು ಸ್ಕ್ರೂಗಳಿವೆ. ತಲೆ ಇಲ್ಲ, ಮೈತುಂಬ ತುಕ್ಕು, ಅಕ್ಕಿಕಾಳಿಗಿಂತ ತುಸು ದಪ್ಪ. ಬಿಲ್ಲು ಬರೆಯುವುದು ತಡವಾದರೆ ಗಿರಾಕಿಗಳು ಆ ಶೀಶೆಯನ್ನು ಎತ್ತಿ ಅಲ್ಲಾಡಿಸಿ ನೋಡುತ್ತಾರೆ.

"ಉಸ್ಮಾನಾಕ, ಇದೆಂತ? ಹಲ್ಲಾ?"

"ಹೌದು. ನನ್ನದೇ. ನಿಮ್ಮಂಥವರ ಹತ್ತಿರ ಚೌಕಾಸಿ ಮಾಡಿ ಮಾಡಿ ಉದುರಿದ್ದು."

ಅವರು ನಗುತ್ತಾರೆ, ನಾನೂ ನಗುತ್ತೇನೆ, ಶೀಶೆ ತನ್ನ ಜಾಗಕ್ಕೆ ಹೋಗುತ್ತದೆ. ಗುಜರಿ ಮಾಲಿನಲ್ಲಿ ಬದುಕು ಕಟ್ಟಿಕೊಂಡವನು ನಾನು. ಮುರಿದದ್ದು, ಬಾಗಿದ್ದು, ತುಕ್ಕು ಹಿಡಿದದ್ದು ಎಲ್ಲಕ್ಕೂ ಒಂದು ಬೆಲೆ ಉಂಟು ಎಂದು ಊರಿಗೆಲ್ಲ ಪಾಠ ಹೇಳಿದವನು. ಆದರೆ ಈ ಎರಡು ತುಂಡುಗಳಿಗೆ ಏನು ಬೆಲೆ ಕಟ್ಟಬೇಕೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಕಥೆ ಹೇಳುವ ಮೊದಲು ಒಂದು ಸಲಹೆ ಕೊಟ್ಟುಬಿಡುತ್ತೇನೆ. ಕೊಡದಿದ್ದರೆ ನನಗೆ ಊಟ ಸೇರುವುದಿಲ್ಲ. ನಿಮ್ಮ ಮನೆಯಲ್ಲೂ ಎಲ್ಲಾದರೂ ಒಂದು ಸ್ಕ್ರೂ ಮುರಿದು ಒಳಗೆ ಉಳಿದಿರಬಹುದು. ನೀರಿನ ಪಂಪಿನಲ್ಲಿ, ಹೊಲಿಗೆ ಮೆಷಿನಿನಲ್ಲಿ, ಗೇಟಿನ ಬಿಜಾಗರಿಯಲ್ಲಿ. ಕೂಡಲೇ ಸುತ್ತಿಗೆ ತೆಗೆದುಕೊಳ್ಳಬೇಡಿ. ಒಂದು ತೊಟ್ಟು ಎಣ್ಣೆ ಬಿಟ್ಟು ಮರೆತುಬಿಡಿ. ಮರುದಿನ ಮತ್ತೊಂದು ತೊಟ್ಟು. ಎಣ್ಣೆ ಒಳಗೆ ಇಳಿಯಬೇಕು, ತುಕ್ಕಿನ ಸಿಟ್ಟು ಕರಗಬೇಕು. ಆಮೇಲೆ ತುಂಡಿನ ಸರಿಯಾದ ನಡುವಿಗೆ ಒಂದು ಚುಕ್ಕೆ ಕುಟ್ಟಿ, ಉಲ್ಟಾ ತಿರುಗುವ ಸಣ್ಣ ಡ್ರಿಲ್ಲಿನಿಂದ ಕೊರೆಯಿರಿ. ಅದೃಷ್ಟ ಇದ್ದರೆ ಕೊರೆಯುತ್ತಿರುವಾಗಲೇ ತುಂಡು ತಾನಾಗಿ ತಿರುಗಿ ಮೇಲೆ ಬರುತ್ತದೆ. ಇದಕ್ಕೆ ಬೇಕಾದ ಮುಖ್ಯ ಸಾಮಾನು ತಾಳ್ಮೆ. ಅದು ನನ್ನ ಅಂಗಡಿಯಲ್ಲಿ ಸಿಗುವುದಿಲ್ಲ. ಸಿಗುತ್ತಿದ್ದರೆ ಅದನ್ನೂ ತೂಕಕ್ಕೆ ಹಾಕಿ ಮಾರುತ್ತಿದ್ದೆ.

"ನಿಮ್ಮ ಹತ್ತಿರ ಸಲಹೆ ಕೇಳಲು ಯಾರೂ ಬರುವುದಿಲ್ಲ, ಮೊಳೆ ಕೇಳಲು ಬರುತ್ತಾರೆ. ಮೊಳೆ ಕೊಟ್ಟು ಕಳಿಸಿ" ಎಂದು ನನ್ನ ಹೆಂಡತಿ ಆಗಾಗ ಹೇಳುತ್ತಾಳೆ. ಹೇಳಲಿ. ನನಗೆ ಸಲಹೆ ಕೊಡುವ ಚಟ ಹತ್ತಿದ್ದೇ ನೆರಿಯದ ಧರ್ಣಪ್ಪ ಗೌಡರ ಜಗಲಿಯಲ್ಲಿ. ಈ ಸ್ಕ್ರೂಗಳೂ ಅವರ ಕೋವಿಯವೇ.

ಮೀಸೆ ಮೂಡುವ ಮೊದಲೇ ನಾನು ಗುಜರಿ ಸೈಕಲ್ ಹಿಡಿದವನು. ಹಿಂದೆ ಗೋಣಿ, ಮುಂದೆ ತಕ್ಕಡಿ. ಬೆಳ್ತಂಗಡಿಯಿಂದ ಮುಂಡಾಜೆಯವರೆಗೆ ಡಾಮರು ರಸ್ತೆ, ಅಲ್ಲಿಂದ ಒಳಗೆ ನೆರಿಯದ ಕಡೆಗೆ ಸೈಕಲನ್ನು ನಾನು ಹೊರಬೇಕಾದಂಥ ದಾರಿ. ಆ ದಾರಿಯ ಕೊನೆಗೆ ಕಾಡಿಗೆ ಬೆನ್ನು ಕೊಟ್ಟು ಕೂತ ಮನೆ ಗೌಡರದು. ಧರ್ಣಪ್ಪ ಗೌಡರು ನನಗಿಂತ ನಾಲ್ಕೈದು ವರ್ಷ ದೊಡ್ಡವರು, ಆಗಿನ್ನೂ ಅಪ್ಪನಿಗೆ ಹೆದರಿಕೊಂಡಿದ್ದ ಯುವಕ. ದೊಡ್ಡ ಗೌಡರು, ಅಂದರೆ ಅವರ ಅಪ್ಪ, ಅಂಗಳದಲ್ಲಿ ಚಾಪೆ ಹಾಸಿ ಒಂಟಿ ನಳಿಗೆಯ ತೋಟೆ ಕೋವಿಯನ್ನು ಬಿಚ್ಚಿಟ್ಟು ತೆಂಗಿನೆಣ್ಣೆ ಹಚ್ಚುತ್ತಿದ್ದರು. ಬೆಳೆ ಕಾಯಲು ಸರಕಾರ ಕೊಟ್ಟ ಪರವಾನಗಿಯ ಕೋವಿ. ಅದರ ಮರದ ಹಿಡಿಯಲ್ಲಿ ಕೆನ್ನೆ ತಾಗಿ ತಾಗಿ ಒಂದು ಕಡೆ ಹೊಳಪು ಬಂದಿತ್ತು.

ಹೊಡೆದು ಮುಗಿದ ತೋಟೆಗಳ ಹಿತ್ತಾಳೆಯ ಬುಡವನ್ನು ದೊಡ್ಡ ಗೌಡರು ನನಗೆಂದು ತೆಗೆದಿಡುತ್ತಿದ್ದರು. ಹಿತ್ತಾಳೆಗೆ ಕಬ್ಬಿಣಕ್ಕಿಂತ ಹೆಚ್ಚು ಬೆಲೆ. ಆದರೆ ನಾನು ಮೊದಲು ಅದನ್ನು ತುಟಿಗೆ ಇಟ್ಟು ಊದುತ್ತಿದ್ದೆ. ಒಳಗೆ ಉಳಿದ ಮದ್ದಿನ ವಾಸನೆ ಮೂಗಿಗೆ ಏರುತ್ತಿತ್ತು, ಹೊರಗೆ ಒಂದು ಉದ್ದ ಸಿಳ್ಳೆ ಹೊರಡುತ್ತಿತ್ತು. ಆ ಸಿಳ್ಳೆ ಕೇಳಿದರೆ ಉಸ್ಮಾನ್ ಬಂದ ಎಂದು ಅರ್ಥ. ಮನೆಯ ಹೆಂಗಸರು ಒಡೆದ ಬಕೆಟು, ಹರಿದ ಕೊಡೆ ಹುಡುಕಲು ಒಳಗೆ ಹೋಗುತ್ತಿದ್ದರು.

ಆ ಮನೆಯಲ್ಲಿ ಒಂದು ಕ್ರಮವಿತ್ತು. ಚೌಕಾಸಿ ಇಲ್ಲದೆ ಒಂದು ಸೌಟು ಕೂಡ ಕೈ ಬದಲಾಗುತ್ತಿರಲಿಲ್ಲ. ನಾನು ಒಂದು ಬೆಲೆ ಹೇಳಬೇಕು. ದೊಡ್ಡ ಗೌಡರು ಕಿವಿ ಕೇಳದವರ ಹಾಗೆ ವೀಳ್ಯಕ್ಕೆ ಸುಣ್ಣ ಹಚ್ಚಬೇಕು. ನಾನು ಎದ್ದು ಸೈಕಲಿನ ತನಕ ಹೋಗಬೇಕು. ಅವರು "ಬಾ ಮಾರಾಯ, ಬಿಸಿಲಿಗೆ ಎಲ್ಲಿ ಹೋಗ್ತಿ, ಮಜ್ಜಿಗೆ ಕುಡಿ" ಎಂದು ಕರೆಯಬೇಕು. ಮಜ್ಜಿಗೆ ಮುಗಿಯುವಷ್ಟರಲ್ಲಿ ಊರ ಸುದ್ದಿ ಎಲ್ಲ ಮುಗಿದಿರುತ್ತಿತ್ತು. ಕೊನೆಗೆ ಇಬ್ಬರೂ ಮೊದಲೇ ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಬೆಲೆಗೇ ವ್ಯಾಪಾರ. ದೊಡ್ಡ ಗೌಡರು ತೀರಿಕೊಂಡ ಮೇಲೆ ಧರ್ಣಪ್ಪ ಗೌಡರೂ ಅದನ್ನೇ ಮುಂದುವರಿಸಿದರು. ನಾನು ಮೆಲ್ಕಾರಿನಲ್ಲಿ ಅಂಗಡಿ ಹಾಕಿದ ಮೇಲೆ ಗೌಡರು ಬಂಟ್ವಾಳಕ್ಕೆ ಕರಿಮೆಣಸು ಮಾರಲು ಬಂದಾಗಲೆಲ್ಲ ನನ್ನಲ್ಲಿಗೆ ಬಂದು, ಬೇಕಿರಲಿ ಬೇಡದಿರಲಿ, ಒಂದು ಕತ್ತಿಗೋ ಪೈಪಿಗೋ ಚೌಕಾಸಿ ಮಾಡಿ ಹೋಗುತ್ತಿದ್ದರು. ಅದು ವ್ಯಾಪಾರವಲ್ಲ, ಕುಶಲ ವಿಚಾರಿಸುವ ಒಂದು ರೀತಿ ಎಂದು ನನಗೆ ಅರ್ಥವಾದದ್ದು ತಡವಾಗಿ.

ಇನ್ನು ಆ ದುರ್ಬೀನಿನ ವಿಷಯ. ಗಲ್ಫಿನಿಂದ ಊರಿಗೆ ಮರಳಿದ ಒಬ್ಬರು ಮನೆ ಖಾಲಿ ಮಾಡುವಾಗ ಹಳೆ ಸಾಮಾನನ್ನೆಲ್ಲ ನನಗೆ ಒಟ್ಟಿಗೆ ಕೊಟ್ಟಿದ್ದರು. ಕೆಟ್ಟ ಮಿಕ್ಸಿ, ಟಿವಿ ಸ್ಟ್ಯಾಂಡು, ಮಕ್ಕಳ ಮೂರು ಗಾಲಿ ಸೈಕಲು. ಅದರ ನಡುವೆ ಕೋವಿಯ ಮೇಲೆ ಕೂರಿಸುವ ಒಂದು ದುರ್ಬೀನು. ಕಪ್ಪು ಕೊಳವೆ, ಎರಡೂ ಕಡೆ ಗಾಜು. ನಾನು ಅದನ್ನು ಕಾಗದ ಹಾರದಂತೆ ಮೇಜಿನ ಮೇಲೆ ಇಟ್ಟಿದ್ದೆ.

ಒಂದು ದಿನ ಗೌಡರು ಬಂದರು. ಕೂತರು. ಸುಮ್ಮನೆ ಅದನ್ನು ಎತ್ತಿ ಕಣ್ಣಿಗೆ ಇಟ್ಟು ರಸ್ತೆಯ ಆಚೆ ನೋಡಿದರು. ನೋಡುತ್ತಲೇ ಇದ್ದರು.

"ಉಸ್ಮಾನ್."

"ಎಂತ ಗೌಡ್ರೆ?"

"ಆ ಬಸ್ಸಿನ ಬೋರ್ಡಿನಲ್ಲಿ ಮೂಡಬಿದ್ರೆ ಅಂತ ಬರೆದದ್ದು ಕಾಣ್ತದೆ."

"ಅದರಲ್ಲಿ ಎಂತ ವಿಶೇಷ? ಮೂಡಬಿದ್ರೆ ಬಸ್ಸೇ ಅದು."

"ನಾನು ಬೋರ್ಡು ಓದದೆ ವರ್ಷ ಆಯ್ತು. ಬಣ್ಣ ನೋಡಿ ಹತ್ತುವುದು ನಾನು."

ಅವರ ಕಣ್ಣಿಗೆ ಮಂಜು ಕವಿದಿದೆ ಎಂದು ನನಗೆ ತಿಳಿದದ್ದು ಆಗಲೇ. ಆಪರೇಷನ್ ಮಾಡಿಸಿ ಎಂದು ಸಲಹೆ ಕೊಟ್ಟೆ. ಅವರು ಕೇಳಿಸಿಕೊಳ್ಳಲಿಲ್ಲ. ಎದುರಿನ ಹೋಟೆಲಿನ ಹಲಗೆ ಓದಿದರು, ಮೆಡಿಕಲ್ ಅಂಗಡಿಯ ಹೆಸರು ಓದಿದರು, ಕಾಲೇಜಿನ ಮಕ್ಕಳ ಬೆನ್ನಿನ ಚೀಲದ ಮೇಲಿನ ಬರಹ ಓದಿದರು. ಅಷ್ಟು ದೊಡ್ಡ ಮನುಷ್ಯ ಒಂದನೇ ಕ್ಲಾಸಿನವನ ಹಾಗೆ ಗಟ್ಟಿಯಾಗಿ ಓದುತ್ತ ಕೂತರು. ಆಮೇಲೆ ಹೇಳಿದರು:

"ಇದನ್ನು ಅಪ್ಪನ ಕೋವಿಗೆ ಹಾಕ್ಬಹುದಾ?"

ನಾನು ನಕ್ಕೆ. "ನೀವು ಹಂದಿ ಓಡಿಸ್ಲಿಕ್ಕೆ ಆಕಾಶಕ್ಕೆ ಗುಂಡು ಹೊಡೆಯುವವರು. ಆಕಾಶಕ್ಕೆ ಗುರಿ ಯಾಕೆ ಗೌಡ್ರೆ?"

"ಗುರಿಗಲ್ಲ ಮಾರಾಯ. ಬಾಳೆತೋಟದಲ್ಲಿ ಎಂತದೋ ಅಲ್ಲಾಡ್ತದೆ. ಅದು ಹಂದಿಯಾ, ಹುಲ್ಲು ಕೊಯ್ಯುವ ಹೆಂಗಸಾ ಅಂತ ನನಗೆ ಗೊತ್ತಾಗಬೇಡ್ವಾ? ಕಾಣದವನ ಕೈಯಲ್ಲಿ ಕೋವಿ ಇದ್ರೆ ಎಂತ ಗತಿ?"

ಅವರು ದುರ್ಬೀನನ್ನು ಮೇಜಿನ ಮೇಲಿಟ್ಟು, ಕ್ರಮ ಪ್ರಕಾರ ಮುಖ ಬೇರೆ ಕಡೆ ತಿರುಗಿಸಿ ಕೇಳಿದರು: "ಎಷ್ಟು ಹೇಳ್ತಿ?"

"ತೆಗೊಂಡು ಹೋಗಿ."

"ಎಷ್ಟು ಅಂತ ಕೇಳಿದ್ದು."

"ಎಂತದೂ ಬೇಡ. ತೆಗೊಂಡು ಹೋಗಿ."

ಗೌಡರು ಬೆಚ್ಚಿಬಿದ್ದವರಂತೆ ನನ್ನನ್ನು ನೋಡಿದರು. ದುರ್ಬೀನನ್ನು ತಿರುಗಿಸಿ ಮುರುಗಿಸಿ ಪರೀಕ್ಷಿಸಿದರು. "ಹಾಳಾದ್ದಾ?" ಎಂದರು. "ಹುಷಾರಿಲ್ವಾ ನಿನಗೆ?" ಎಂದರು. ಕೊನೆಗೆ ಅರೆಮನಸ್ಸಿನಿಂದ ಚೀಲಕ್ಕೆ ಹಾಕಿಕೊಂಡು, ಹೊರಗೆ ಹೋದವರು ಮತ್ತೆ ಬಂದು, ಬೇಡದಿದ್ದರೂ ಒಂದು ಪೊಟ್ಟಣ ಮೊಳೆ ತೆಗೆದುಕೊಂಡು ಅದಕ್ಕೆ ಸಾಕಷ್ಟು ಹೊತ್ತು ಚೌಕಾಸಿ ಮಾಡಿ ಸಮಾಧಾನ ಮಾಡಿಕೊಂಡರು.

ನನ್ನ ಇಡೀ ಜೀವಮಾನದಲ್ಲಿ ಚೌಕಾಸಿ ಇಲ್ಲದೆ ನಾನು ಕೊಟ್ಟ ವಸ್ತು ಅದೊಂದೇ. ಕೊಟ್ಟಾಗ ನನಗೆ ನನ್ನ ಮೇಲೆಯೇ ಹೆಮ್ಮೆ ಆಗಿತ್ತು. ಮನೆಗೆ ಹೋಗಿ ಹೆಂಡತಿಗೂ ಹೇಳಿಕೊಂಡೆ.

ಮೂಡಬಿದ್ರೆಯಲ್ಲಿ ವಲೇರಿಯನ್ ಎಂಬವನ ಲೇತ್ ವರ್ಕ್‌ಶಾಪ್ ಇದೆ. ಕೋವಿ ರಿಪೇರಿಗೆ ಅವನ ಅಪ್ಪನ ಕಾಲದಿಂದಲೂ ಪರವಾನಗಿ ಇರುವ ಜಾಗ. ಮಾತು ಜಾಸ್ತಿ, ಕೆಲಸ ಮಧ್ಯಮ, ಮನಸ್ಸು ಒಳ್ಳೆಯದು. ಗೌಡರು ಅಲ್ಲಿಗೆ ಹೋಗಿ ದುರ್ಬೀನು ಕೂರಿಸಿಕೊಂಡು ಬಂದರು. ಕೋವಿಯ ಬೆನ್ನಿನ ಮೇಲೆ, ನಳಿಗೆ ಶುರುವಾಗುವ ಜಾಗದ ಹಿಂದೆ, ಅಂಗೈಯಷ್ಟು ಉದ್ದದ ಒಂದು ಕಬ್ಬಿಣದ ಪಟ್ಟಿ. ಆ ಪಟ್ಟಿಯನ್ನು ಎರಡು ಸ್ಕ್ರೂಗಳಿಂದ ಬಿಗಿದು, ಅದರ ಮೇಲೆ ದುರ್ಬೀನು. ವಲೇರಿಯನ್ ಪಟ್ಟಿಯನ್ನು ಕೋವಿಯ ಮೇಲೆ ಇಟ್ಟು, ಎರಡಕ್ಕೂ ಒಟ್ಟಿಗೇ ಡ್ರಿಲ್ ಬಿಟ್ಟು, ಒಟ್ಟಿಗೇ ಸ್ಕ್ರೂವಿನ ಸುತ್ತುಗೆರೆ ಕೊರೆದಿದ್ದ. ಹಾಗೆ ಮಾಡಿದರೆ ಸ್ಕ್ರೂ ಎರಡನ್ನೂ ಕಚ್ಚಿ ಹಿಡಿಯುತ್ತದೆ, ಭದ್ರ ಎಂದು ಅವನ ಲೆಕ್ಕ. ಸ್ಕ್ರೂ ಸರಿಯಾಗಿ ಇರುವವರೆಗೆ ಆ ಲೆಕ್ಕ ಸರಿ.

ಮೊದಲ ಗುಂಡಿಗೇ ಕೋವಿ ಒದೆಯಿತು. ತೋಟೆ ಕೋವಿಯ ಒದೆತ ಭುಜಕ್ಕೆ ಗೊತ್ತು, ಹುಬ್ಬಿಗೆ ಗೊತ್ತಿರಲಿಲ್ಲ. ದುರ್ಬೀನಿನ ಅಂಚು ಗೌಡರ ಬಲ ಹುಬ್ಬಿಗೆ ಬಡಿದು ಅರ್ಧಚಂದ್ರದ ಗಾಯ ಮಾಡಿತು. ಮುಂದಿನ ಸಲ ಅಂಗಡಿಗೆ ಬಂದಾಗ ನಾನು ಕೇಳಿದೆ, "ಹಂದಿ ಹೊಡೆಯಿತಾ, ನೀವು ಹೊಡೆದದ್ದಾ?"

"ಹಂದಿಯ ಮುಖ ಚಂದ ಕಂಡಿತು ಮಾರಾಯ" ಎಂದರು ಗೌಡರು. "ಅದು ನನ್ನನ್ನು ನೋಡಿ ನಕ್ಕದ್ದೂ ಕಂಡಿತು."

ಒದೆತಕ್ಕೆ ಸ್ಕ್ರೂ ಸಡಿಲವಾಗುತ್ತಿತ್ತು. ಗೌಡರು ಪ್ರತಿ ಸಲವೂ ಇನ್ನೊಂದು ಸುತ್ತು ಬಿಗಿಯುತ್ತಿದ್ದರು. ಬಿಗಿದು ಬಿಗಿದು ಒಂದು ದಿನ ಎರಡೂ ಸ್ಕ್ರೂಗಳ ತಲೆ ಕೈಗೆ ಬಂತು. ಮೈ ಒಳಗೇ ಉಳಿಯಿತು. ದುರ್ಬೀನನ್ನು ಕಳಚಿ ಅಟ್ಟಕ್ಕೆ ಹಾಕಿದರು. ಪಟ್ಟಿ ಮಾತ್ರ ಅಲ್ಲಾಡದೆ ಕೂತಿತು. ಕೂರಲಿ, ಯಾರಿಗೆ ತೊಂದರೆ ಎಂದು ಎಲ್ಲರೂ ಸುಮ್ಮನಾದರು. ಅಷ್ಟರಲ್ಲಿ ಗೌಡರು ಕಣ್ಣಿನ ಆಪರೇಷನ್ನೂ ಮಾಡಿಸಿಕೊಂಡರು. ಒಂದು ಕಣ್ಣು ಸರಿಯಾಯಿತು, ಇನ್ನೊಂದು ಆಗಲಿಲ್ಲ.

ಆಗ ಯಶೋದಳ ಮಾತು ಬಂತು. ಯಶೋದ ಗೌಡರ ಮಗಳು. ಗಂಡನೂ ಅವಳೂ ಗೌಡರ ಜೊತೆಯಲ್ಲೇ ಇದ್ದು ಬಾಳೆ, ಮರಗೆಣಸು ಬೆಳೆಸುತ್ತಾರೆ. ಗಂಡ ಕೋವಿ ಕಂಡರೆ ಮಾರು ದೂರ ನಿಲ್ಲುವವನು. ಇವಳು ಅಜ್ಜನ ಜೊತೆ ಚಾಪೆಯಲ್ಲಿ ಕೂತು ಕೋವಿಗೆ ಎಣ್ಣೆ ಹಚ್ಚಿ ಬೆಳೆದವಳು. ಕೋವಿಯ ಪರವಾನಗಿಯನ್ನು ಅವಳ ಹೆಸರಿಗೆ ಮಾಡಿಸಬೇಕು, ಇಲ್ಲದಿದ್ದರೆ ತಮ್ಮ ಕಾಲದ ನಂತರ ಅದು ಸರಕಾರಕ್ಕೆ ಹೋಗುತ್ತದೆ ಎಂಬುದು ಗೌಡರಿಗೆ ಹತ್ತಿದ ಚಿಂತೆ. ಅರ್ಜಿ ಹಾಕಿದರು, ವಿಚಾರಣೆ ಆಯಿತು, ಎಲ್ಲ ಸರಿ ಇತ್ತು. ಕೊನೆಗೆ ಠಾಣೆಯ ಸಾಹೇಬರು ಕೋವಿಯನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ ಕೇಳಿದರು, "ನಂಬರ್ ಎಲ್ಲಿ?"

ಪ್ರತಿ ಕೋವಿಗೂ ಮೈಮೇಲೆ ಒಂದು ನಂಬರ್ ಕೊರೆದಿರುತ್ತದೆ. ಪರವಾನಗಿಯಲ್ಲೂ ಅದೇ ನಂಬರ್. ಎರಡೂ ತಾಳೆಯಾಗಬೇಕು. ಗೌಡರ ಕೋವಿಯ ನಂಬರ್ ಇದ್ದದ್ದು ಅದರ ಬೆನ್ನಿನ ಮೇಲೆ. ಈಗ ಆ ಬೆನ್ನಿನ ಮೇಲೆ ವಲೇರಿಯನ್ನನ ಪಟ್ಟಿ.

"ಇದನ್ನು ತೆಗೆಸಿಕೊಂಡು ಬನ್ನಿ. ನಂಬರ್ ನನ್ನ ಕಣ್ಣಿಗೆ ಕಂಡ ದಿನ ನಿಮ್ಮ ಮಗಳ ಹೆಸರಿಗೆ ಆಗ್ತದೆ" ಎಂದರು ಸಾಹೇಬರು. ನ್ಯಾಯವಾಗಿಯೇ ಹೇಳಿದರು. ಅವರಲ್ಲಿ ಒಂದು ದೋಷ ಹೇಳಲು ನನಗೆ ಇವತ್ತಿಗೂ ಸಾಧ್ಯವಾಗಿಲ್ಲ. ದೋಷ ಹೇಳಲು ಬರುತ್ತಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಗೌಡರು, ಯಶೋದ, ನಾನು ಮೂವರೂ ಮೂಡಬಿದ್ರೆಗೆ ಹೋದೆವು. ಅದಕ್ಕೆ ಮುಂಚೆ ಗೌಡರಿಗೆ ಎಣ್ಣೆ ಬಿಡುವ ಸಲಹೆ ಕೊಟ್ಟಿದ್ದೆ. ಅವರು ಚಾಚೂ ತಪ್ಪದೆ ದಿನಾ ಬೆಳಿಗ್ಗೆ ದೇವರಿಗೆ ದೀಪ ಹಚ್ಚಿ, ಅದೇ ಕೈಯಲ್ಲಿ ಸ್ಕ್ರೂವಿಗೂ ಒಂದು ತೊಟ್ಟು ಬಿಟ್ಟು ಬಂದಿದ್ದರಂತೆ.

ವಲೇರಿಯನ್ ಕೋವಿಯನ್ನು ಬಟ್ಟೆ ಸುತ್ತಿ ಮೇಜಿಗೆ ಬಿಗಿದ ಇಕ್ಕಳದಲ್ಲಿ ಕಚ್ಚಿಸಿದ. ತೋಟೆ ಇಲ್ಲವೆಂದು ಎರಡೆರಡು ಸಲ ನಳಿಗೆಯ ಹಿಂಬಾಯಿ ತೆರೆದು ನೋಡಿದ. "ಗೌಡ್ರೆ, ನಾನು ಹಾಕಿದ ಸ್ಕ್ರೂ ಇಷ್ಟು ಗಟ್ಟಿ ಅಂತ ನನಗೇ ಗೊತ್ತಿರ್ಲಿಲ್ಲ" ಎಂದ.

"ಹೊಗಳಿಕೊಳ್ಳುವುದು ಆಮೇಲೆ. ಮೊದಲು ತೆಗಿ" ಎಂದೆ ನಾನು.

"ಉಸ್ಮಾನಾಕ, ನೀವು ಸ್ವಲ್ಪ ಹೊರಗೆ ಕೂತುಕೊಳ್ತೀರಾ? ನೀವು ಸಲಹೆ ಕೊಟ್ರೆ ನನ್ನ ಕೈ ನಡುಗ್ತದೆ."

ಯಶೋದ ಸೆರಗು ಬಾಯಿಗಿಟ್ಟು ನಕ್ಕಳು. ನಾನು ಹೊರಗೆ ಹೋಗಲಿಲ್ಲ, ಬಾಯಿ ಮಾತ್ರ ಮುಚ್ಚಿಕೊಂಡೆ. ಅವನು ತುಂಡಿನ ನಡುವಿಗೆ ಚುಕ್ಕೆ ಕುಟ್ಟಿದ. ಸಣ್ಣ ಡ್ರಿಲ್ಲು, ಉಲ್ಟಾ ತಿರುಗು. ಬೆಳ್ಳಿಯ ಕೂದಲಿನಂಥ ಪುಡಿ ಸುರುಳಿ ಎದ್ದಿತು. ನಳಿಗೆಯ ಕಡೆಯ ಸ್ಕ್ರೂ ಸ್ವಲ್ಪ ಹೊತ್ತು ಹಠ ಮಾಡಿತು. ಆಮೇಲೆ ಒಂದು ಸಣ್ಣ ಕಟಕ್ ಸದ್ದು. ತುಂಡು ತಿರುಗಿತು, ಮತ್ತೂ ತಿರುಗಿತು, ನಿದ್ದೆಯಿಂದ ಎದ್ದ ಹಾಗೆ ಮೇಲೆ ಬಂತು. ಗೌಡರು ನನ್ನ ಕೈ ಹಿಡಿದುಕೊಂಡಿದ್ದರು. ಯಾವಾಗ ಹಿಡಿದರೋ ನನಗೆ ಗೊತ್ತಾಗಿರಲಿಲ್ಲ. ಹಿಡಿಯ ಕಡೆಯ ಸ್ಕ್ರೂ ಡ್ರಿಲ್ಲಿಗೆ ಬಗ್ಗಲಿಲ್ಲ. ವಲೇರಿಯನ್ ಕೊರೆದ ತೂತಿಗೆ ನಾಲ್ಕು ಮೂಲೆಯ ಒಂದು ಉಕ್ಕಿನ ಮೊನೆ ಹೊಡೆದು, ಉಸಿರು ಹಿಡಿದು, ಕೂದಲೆಳೆಯಷ್ಟೇ ತಿರುಗಿಸುತ್ತ, ಬಿಡುತ್ತ, ತಿರುಗಿಸುತ್ತ ಹೋದ. ಅದೂ ಬಂತು.

ನಾವು ನಾಲ್ವರೂ ಒಟ್ಟಿಗೆ ಉಸಿರು ಬಿಟ್ಟೆವು. ವಲೇರಿಯನ್ ಪಟ್ಟಿಯ ಅಂಚಿಗೆ ಮೆಲ್ಲನೆ ಒಂದು ಪೆಟ್ಟು ಕೊಟ್ಟ. ಪಟ್ಟಿ ಎದ್ದಿತು. ಅವನು ಸೀಮೆಎಣ್ಣೆಯ ಬಟ್ಟೆಯಿಂದ ತುಕ್ಕು ಒರೆಸಿದ. ಒಂದೊಂದೇ ಅಂಕೆ ಕಾಣತೊಡಗಿತು. ಯಶೋದ ಪರವಾನಗಿ ನೋಡಿಕೊಂಡು ತಾಳೆ ಹಾಕುತ್ತ ಗಟ್ಟಿಯಾಗಿ ಓದುತ್ತಿದ್ದಳು. ಕೊನೆಯ ಅಂಕೆಗೆ ಬಂದಾಗ ನಿಲ್ಲಿಸಿದಳು.

ಕೊನೆಯ ಅಂಕೆ ಇರಬೇಕಾದ ಜಾಗದಲ್ಲಿ ಸ್ಕ್ರೂವಿನ ತೂತು ಇತ್ತು.

ಪಟ್ಟಿ ಕೂರಿಸುವ ದಿನವೇ ವಲೇರಿಯನ್ನನ ಡ್ರಿಲ್ಲು ಆ ಅಂಕೆಯನ್ನು ತಿಂದು ಹಾಕಿತ್ತು. ಪಟ್ಟಿಯ ಮೇಲಿನಿಂದ ಕೊರೆದವನಿಗೆ ಕೆಳಗೆ ಏನಿದೆ ಎಂದು ಕಂಡಿರಲಿಲ್ಲ. ನಾವು ಇಷ್ಟು ದಿನ ಎಣ್ಣೆ ಬಿಟ್ಟು, ಹರಕೆ ಹೊತ್ತವರ ಹಾಗೆ ಕಾದು, ಹೊರಗೆ ತೆಗೆದದ್ದು ಒಂದು ತೂತನ್ನು.

ಮೊದಲು ಬಾಯಿ ತೆರೆದವನು ವಲೇರಿಯನ್.

"ಗೌಡ್ರೆ, ನೀವು ಬೇಜಾರು ಮಾಡ್ಬೇಡಿ. ತೂತಿಗೆ ಕಬ್ಬಿಣ ತುಂಬಿಸಿ ಅರ ಹಾಕಿ ಸಮ ಮಾಡ್ತೇನೆ. ಕೊನೆಯದು ಏಳು ಅಲ್ವಾ? ನಂಬರ್ ಪಂಚು ಉಂಟು ನನ್ನತ್ರ. ಒಂದು ಪೆಟ್ಟು. ಯಾರಿಗೂ ಗೊತ್ತಾಗ್ಲಿಕ್ಕಿಲ್ಲ."

ಗೌಡರು ನನ್ನ ಕಡೆ ತಿರುಗಿದರು. "ಉಸ್ಮಾನ್, ನೀನು ಎಂತ ಹೇಳ್ತಿ?"

ಈಗ ನೋಡಿ. ಕೇಳದವರಿಗೂ ಸಲಹೆ ಕೊಡುವ ಮನುಷ್ಯ ನಾನು. ಬಸ್ಸಿನಲ್ಲಿ ಪಕ್ಕ ಕೂತವರಿಗೆ ಮನೆಗೆ ಯಾವ ಬಣ್ಣ ಹೊಡೆಯಬೇಕೆಂದು ಹೇಳಿದವನು. ಆ ದಿನ, ಅಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಧರ್ಣಪ್ಪ ಗೌಡರು ತಾವಾಗಿ ನನ್ನ ಸಲಹೆ ಕೇಳಿದ ದಿನ, ನನ್ನ ಬಾಯಿಂದ ಒಂದು ಮಾತು ಬರಲಿಲ್ಲ. ಆ ಏಳು ಸುಳ್ಳೇನೂ ಅಲ್ಲ, ಅಲ್ಲಿ ಇದ್ದದ್ದು ಏಳೇ ಎಂದು ಮನಸ್ಸು ಒಂದು ಕಡೆ ಎಳೆಯುತ್ತಿತ್ತು. ಕೋವಿಯ ಮೇಲೆ ನಾವಾಗಿ ಕುಟ್ಟಿದ ಅಂಕೆ ಸತ್ಯವಾದರೂ ಕಳ್ಳದ್ದೇ ಎಂದು ಇನ್ನೊಂದು ಕಡೆ. ನಾನು ನೆಲ ನೋಡಿಕೊಂಡು ನಿಂತೆ.

ಗೌಡರು ಕಾದರು. ಆಮೇಲೆ ಮಗಳನ್ನು ನೋಡಿದರು.

"ಬೇಡ" ಎಂದರು. "ನಾಳೆ ಯಾರಾದ್ರೂ ಇದು ಯಾರು ಕುಟ್ಟಿದ್ದು ಅಂತ ಕೇಳಿದ್ರೆ ಅವಳು ಎಂತ ಹೇಳ್ಬೇಕು? ಇದ್ದ ಹಾಗೇ ತೋರಿಸುವ."

"ಹೌದು ಅಪ್ಪ, ಇದ್ದ ಹಾಗೇ ತೋರಿಸುವ" ಎಂದಳು ಯಶೋದ.

ಬೇಡ ಎಂಬ ಆ ಮಾತನ್ನು ನಾನು ಹೇಳಬೇಕಿತ್ತು. ಹೇಳಿದ್ದರೆ ಕೋವಿ ಹೋದದ್ದಕ್ಕೆ ಬೈಯಲು ಗೌಡರಿಗೆ ನನ್ನಂಥ ಒಬ್ಬ ಬ್ಯಾರಿ ಆದರೂ ಸಿಗುತ್ತಿದ್ದ. ತಮ್ಮ ಅಪ್ಪನ ಕೋವಿಯನ್ನು ತಾವೇ ಬಾಯಿಬಿಟ್ಟು ಕಳೆದುಕೊಂಡ ಹಾಗೆ ಆಗುತ್ತಿರಲಿಲ್ಲ. ಬೆಲೆ ಹೇಳುವಾಗ ಓಡುವ ನಾಲಗೆ ಅಲ್ಲಿ ಯಾಕೆ ಕಟ್ಟಿಹೋಯಿತೋ.

ಹೊರಡುವಾಗ ವಲೇರಿಯನ್ ಆ ಎರಡು ತುಂಡುಗಳನ್ನು ಗುಡಿಸಿ ಹಾಕಲು ಹೋದ. ನಾನು ಎತ್ತಿ ಕಿಸೆಗೆ ಹಾಕಿಕೊಂಡೆ.

ಠಾಣೆಯ ಸಾಹೇಬರು ತೂತನ್ನು ನೋಡಿದರು, ಪರವಾನಗಿ ನೋಡಿದರು, ಗೌಡರ ಮುಖ ನೋಡಿದರು. ಕುರ್ಚಿ ಕೊಟ್ಟು ಕೂರಿಸಿದರು. ನಂಬರ್ ಪೂರ್ತಿ ಇಲ್ಲದ ಕೋವಿಯನ್ನು ಮಗಳ ಹೆಸರಿಗೂ ಮಾಡಲಾಗದು, ವಾಪಸು ಮನೆಗೂ ಕಳಿಸಲಾಗದು, ಮೇಲಿನಿಂದ ಆದೇಶ ಬರುವ ತನಕ ಇಲ್ಲೇ ಇರಬೇಕು ಎಂದರು. ನಾನು ಅಲ್ಲಿ ಚೌಕಾಸಿಗೆ ಇಳಿದೆ. ಗೌಡರ ಮನೆತನ ಹೇಳಿದೆ, ಹಂದಿಯ ಕಾಟ ಹೇಳಿದೆ, ಕಣ್ಣಿನ ಕಥೆ ಹೇಳಿದೆ, ದುರ್ಬೀನು ಕೊಟ್ಟವನು ನಾನೇ ಎಂದೂ ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡು, "ನೀವು ಹೇಳುವುದು ಸರಿ. ಆದರೆ ಕೋವಿ ನಂಬರಿನಿಂದ ಗುರುತಿಸುವುದು, ಮನೆತನದಿಂದ ಅಲ್ಲ" ಎಂದರು. ಎದ್ದು ಬಾಗಿಲಿನ ತನಕ ಹೋದೆ. ಯಾರೂ ಮಜ್ಜಿಗೆಗೆ ಕರೆಯಲಿಲ್ಲ.

ಆ ಆದೇಶ ಇನ್ನೂ ಬಂದಿಲ್ಲ.

ಯಶೋದ ಈಗ ತೋಟದ ಸುತ್ತ ಸೋಲಾರ್ ಬೇಲಿ ಹಾಕಿಸಿದ್ದಾಳೆ. ತಂತಿಯನ್ನು ನನ್ನಲ್ಲೇ ಕೊಂಡದ್ದು. ನಾನು ಖುಷಿಯಲ್ಲಿ ಬೆಲೆ ಇಳಿಸಹೊರಟರೆ, "ಬೇಡ ಉಸ್ಮಾನಾಕ, ಸರಿಯಾಗಿ ಚೌಕಾಸಿ ಮಾಡಿಯೇ ಕೊಡಿ" ಎಂದಳು. ತಮಾಷೆಗೆ ಹೇಳಿದ್ದೋ, ಇಲ್ಲವೋ, ನಾನು ಕೇಳಲಿಲ್ಲ.

ಆದ್ದರಿಂದ ನನ್ನ ಎರಡನೆಯ ಸಲಹೆ. ಯಾರಿಗಾದರೂ ಏನನ್ನಾದರೂ ಕೊಡುವಾಗ, ಎಷ್ಟೇ ಪ್ರೀತಿಯಿದ್ದರೂ, ಸ್ವಲ್ಪ ಚೌಕಾಸಿ ಮಾಡಿ. ಚೌಕಾಸಿ ಎಂದರೆ ಜಿಪುಣತನ ಎಂದು ಹೇಳುವವರು ಅದನ್ನು ಸರಿಯಾಗಿ ಮಾಡಿದವರಲ್ಲ. ಎದ್ದು ಸೈಕಲಿನ ತನಕ ಹೋಗಿ ವಾಪಸು ಬರುವುದರೊಳಗೆ ಮನುಷ್ಯನಿಗೆ ಯೋಚನೆ ಮಾಡಲು ಸಮಯ ಸಿಗುತ್ತದೆ. ಇದು ನನಗೆ ಬೇಕಾ, ಎಲ್ಲಿ ಇಡುವುದು, ಇದರಿಂದ ಏನಾಗುತ್ತದೆ ಎಂದು ಎರಡು ಕಡೆಯವರೂ ಒಮ್ಮೆ ತೂಗಿ ನೋಡುತ್ತಾರೆ. ಆ ದಿನ ನಾನೊಂದು ಬೆಲೆ ಹೇಳಿದ್ದರೆ ಗೌಡರು ಸುಣ್ಣ ಹಚ್ಚುತ್ತ ಕೂರುತ್ತಿದ್ದರು, ನಾನು ಕಣ್ಣಿನ ಆಪರೇಷನ್ನಿನ ಮಾತನ್ನು ಮತ್ತೆ ತೆಗೆಯುತ್ತಿದ್ದೆ, ಅವರು "ಹೋಗು ಮಾರಾಯ, ಈ ಕೊಳವೆಗೆ ಅಷ್ಟಾ" ಎಂದು ಎದ್ದು ಹೋಗುತ್ತಿದ್ದರು. ದುರ್ಬೀನು ನನ್ನ ಮೇಜಿನ ಮೇಲೆ ಕಾಗದ ಹಿಡಿದುಕೊಂಡೇ ಇರುತ್ತಿತ್ತು. ನಾನು ಒಂದೇ ಒಂದು ಸಲ ದೊಡ್ಡ ಮನಸ್ಸು ಮಾಡಿದೆ. ಅಭ್ಯಾಸವಿಲ್ಲದ ಕೆಲಸ.

ನಮ್ಮ ಕಡೆ ಚುನಾವಣೆ ಬಂತೆಂದರೆ ಪರವಾನಗಿ ಇರುವ ಎಲ್ಲರೂ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕು, ಫಲಿತಾಂಶ ಬಂದ ಮೇಲೆ ವಾಪಸು ತರಬೇಕು. ಗೌಡರಿಗೆ ಅದೊಂದು ಹಬ್ಬ. ಬಿಳಿ ಅಂಗಿ, ಹೆಗಲಿಗೆ ಕೋವಿ, ಬೆಳ್ತಂಗಡಿಗೆ ಹೋಗಿ ಸಾಲಿನಲ್ಲಿ ನಿಂತರೆ ಚಾರ್ಮಾಡಿಯಿಂದ ವೇಣೂರಿನ ತನಕ ಎಲ್ಲ ಊರಿನ ಕೋವಿಯವರೂ ಸಿಗುತ್ತಿದ್ದರು. ಯಾರ ತೋಟಕ್ಕೆ ಆನೆ ಬಂತು, ಯಾರ ಮಗಳಿಗೆ ಮದುವೆ, ಎಲ್ಲ ಆ ಸಾಲಿನಲ್ಲೇ.

ಕಳೆದ ಚುನಾವಣೆಯ ಸಮಯ ನಾನು ಬೆಳ್ತಂಗಡಿಗೆ ಮಾಲು ನೋಡಲು ಹೋಗಿದ್ದೆ. ಠಾಣೆಯ ಎದುರು ಆ ಸಾಲು. ಸಾಲಿನ ನಡುವೆ ಬಿಳಿ ಅಂಗಿಯ ಧರ್ಣಪ್ಪ ಗೌಡರು. ಹೆಗಲಿನಲ್ಲಿ ಏನೂ ಇರಲಿಲ್ಲ. ಹಿಂದೆ ಮುಂದೆ ಇದ್ದವರ ಜೊತೆ ಮಾತಾಡುತ್ತ, ಸಾಲು ಮುಂದೆ ಹೋದಂತೆ ತಾವೂ ಒಂದೊಂದು ಹೆಜ್ಜೆ ಮುಂದೆ ಹೋಗುತ್ತಿದ್ದರು. ನಾನು ಹತ್ತಿರ ಹೋಗಿ ಪಕ್ಕದಲ್ಲಿ ನಿಂತೆ. ಅವರು ನನ್ನನ್ನು ಕಂಡು ತಲೆಯಾಡಿಸಿದರು, ಯಾಕೆ ಬಂದೆ ಎಂದು ಕೇಳಲಿಲ್ಲ, ನಾನೂ ಕೇಳಲಿಲ್ಲ.

ಬಾಗಿಲಿನ ಹತ್ತಿರ ಬಂದಾಗ ಪೊಲೀಸಿನವರಿಗೆ ಅವರ ಗುರುತು ಹತ್ತಿತು. "ಅಯ್ಯೋ ಗೌಡ್ರೆ, ನೀವು ಯಾಕೆ ನಿಂತದ್ದು? ನಿಮ್ಮದು ಒಳಗೇ ಉಂಟಲ್ಲ?"

"ಉಂಟು ಉಂಟು" ಎಂದರು ಗೌಡರು. ಹುಬ್ಬಿನ ಮೇಲಿನ ಅರ್ಧಚಂದ್ರ ಸ್ವಲ್ಪ ಮೇಲೆ ಹೋಯಿತು. "ಈ ಸಲ ಎಲ್ಲರಿಗಿಂತ ಮೊದಲು ತಂದು ಇಟ್ಟದ್ದು ನಾನು."

ಸಾಲಿನಲ್ಲಿದ್ದವರೆಲ್ಲ ನಕ್ಕರು. ಗೌಡರೂ ನಕ್ಕರು. ಆಮೇಲೆ ಬದಿಗೆ ಸರಿದು, ಹಿಂದಿನವರಿಗೆ ದಾರಿ ಬಿಟ್ಟರು.

ಫಲಿತಾಂಶ ಬಂದ ಮೇಲೆ, ಕೋವಿ ವಾಪಸು ಕೊಡುವ ದಿನ, ನಾನು ಅಂಗಡಿಯನ್ನು ಮಗನಿಗೆ ಒಪ್ಪಿಸಿ ಪುನಃ ಬೆಳ್ತಂಗಡಿಗೆ ಹೋದೆ. ನನಗೆ ಅಲ್ಲಿ ಕೆಲಸವೇನೂ ಇರಲಿಲ್ಲ, ಕೋವಿ ಮೊದಲೇ ಇಲ್ಲ. ಎದುರಿನ ಹೋಟೆಲಿನಲ್ಲಿ ಚಾ ಹೇಳಿ, ಗೌಡರು ಬಂದಾರೆಂದು ಠಾಣೆಯ ಬಾಗಿಲಿನ ಕಡೆ ಮುಖ ಮಾಡಿ ಕೂತೆ. ಒಬ್ಬೊಬ್ಬರೇ ತಮ್ಮ ಕೋವಿಯನ್ನು ಹೆಗಲಿಗೇರಿಸಿ ಹೊರಗೆ ಬಂದು, ಬಸ್ಸಿಗೆ ಹೋದರು. ಸಾಲು ಮುಗಿಯಿತು, ಠಾಣೆಯ ಅಂಗಳ ಖಾಲಿಯಾಯಿತು.

ಆ ದಿನ ಗೌಡರು ಬರಲಿಲ್ಲ.